ಬಿಟ್‌ಕಾಯಿನ್ ಮಾರಿ ಫ್ಲಾಟಿಗೆ ದುಡ್ಡು ಹೊಂದಿಸಿದ್ದು: ಎಕ್ಸ್‌ಚೇಂಜು, ಬ್ಯಾಂಕು, ಆಡಿಟರು, ಮೂವರಿಗೂ ನನ್ನ ಮಾರ್ಕ್ಸ್

ಮಾರ್ಕ್ಸ್ ಮೊದಲೇ ಹೇಳಿಬಿಡುತ್ತೇನೆ. ಎಕ್ಸ್‌ಚೇಂಜಿಗೆ ಐದಕ್ಕೆ ಮೂರು. ಬ್ಯಾಂಕಿಗೆ ಎರಡೂವರೆ. ಆಡಿಟರಿಗೆ ಐದಕ್ಕೆ ಐದು. ಎಕ್ಸ್‌ಚೇಂಜು ಮತ್ತು ಬ್ಯಾಂಕಿನ ಹೆಸರು ಮಾತ್ರ ಕೇಳಬೇಡಿ. ಎಕ್ಸ್‌ಚೇಂಜು, ಅಂದರೆ ಬಿಟ್‌ಕಾಯಿನ್ ಕೊಂಡು ಮಾರುವ ಆ್ಯಪ್ಪು, ನಮ್ಮ ದೇಶದಲ್ಲಿ ಎಲ್ಲರೂ ಬಳಸುವ ದೊಡ್ಡ ಆ್ಯಪ್‌ಗಳಲ್ಲಿ ಒಂದು, ಅಷ್ಟು ಗೊತ್ತಿದ್ದರೆ ಸಾಕು. ಕಾನೂನು ಎಲ್ಲರಿಗೂ ಒಂದೇ ಆಗಿರುವುದರಿಂದ ಬೇರೆ ಆ್ಯಪ್‌ಗಳಲ್ಲೂ ಕಥೆ ಹೆಚ್ಚುಕಮ್ಮಿ ಇದೇ ಇರುತ್ತದೆ.

ಈ ಆ್ಯಪ್‌ಗಳ ಬಗ್ಗೆ ಯಾರು ಬರೆದರೂ ಎಷ್ಟು ಕಾಯಿನ್ ಇದೆ, ಫೀಸು ಎಷ್ಟು, ಚಾರ್ಟ್ ಹೇಗಿದೆ ಅಂತಲೇ ಬರೆಯುತ್ತಾರೆ. ಮನೆ ಕೊಳ್ಳುವವನಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. ಅವನಿಗೆ ಬೇಕಾಗಿರುವುದು ಎರಡೇ. ರೂಪಾಯಿ ಸರಿಯಾದ ದಿನಕ್ಕೆ ಬ್ಯಾಂಕಿಗೆ ಬರಬೇಕು, ಆ ರೂಪಾಯಿ ಎಲ್ಲಿಂದ ಬಂತು ಅನ್ನುವುದಕ್ಕೆ ನೆಟ್ಟಗಿನ ಕಾಗದ ಸಿಗಬೇಕು. ನಾನು ಮಾರ್ಕ್ಸ್ ಹಾಕಿದ್ದು ಇವೆರಡನ್ನೇ ನೋಡಿ.

ನಮ್ಮ ಲೆಕ್ಕ ಹೀಗಿತ್ತು. ಕೆಂಗೇರಿ ಕಡೆ ಎರಡು ಬೆಡ್‌ರೂಮಿನ ರೀಸೇಲ್ ಫ್ಲಾಟು, ಬೆಲೆ 90 ಲಕ್ಷ. ನಾನು ಮತ್ತು ನನ್ನ ಹೆಂಡತಿ ಇಬ್ಬರ ಸಂಬಳ ತೋರಿಸಿದರೂ ಬ್ಯಾಂಕು ಕೊಡುವುದು 80 ಪರ್ಸೆಂಟ್, ಅಂದರೆ 72 ಲಕ್ಷ. 30ರಿಂದ 75 ಲಕ್ಷದ ಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ಅದು. ಉಳಿದ 18 ಲಕ್ಷ ನಮ್ಮ ಕೈಯಿಂದ ಹೋಗಬೇಕು. ಅದರ ಮೇಲೆ ರಿಜಿಸ್ಟ್ರೇಷನ್ನು. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಸೆಸ್ಸು ಸರ್‌ಚಾರ್ಜು ಸೇರಿ ಬೆಂಗಳೂರಲ್ಲಿ 5.6. ನೋಂದಣಿ ಶುಲ್ಕ ಮುಂಚೆ 1 ಇತ್ತು, 2025ರ ಆಗಸ್ಟ್ 31ರಿಂದ 2 ಮಾಡಿದರು. ಒಟ್ಟು 7.6 ಪರ್ಸೆಂಟ್, ಅಂದರೆ 90 ಲಕ್ಷಕ್ಕೆ 6 ಲಕ್ಷ 84 ಸಾವಿರ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಹಾಗಾಗಿ ಕೈಯಲ್ಲಿ 25 ಲಕ್ಷ ಇರಲೇಬೇಕಿತ್ತು, ಬ್ರೋಕರ್ ಕಮಿಷನ್ ಬೇರೆ.

ಆ 25 ಲಕ್ಷ ಇದ್ದದ್ದು ಬಿಟ್‌ಕಾಯಿನ್ ರೂಪದಲ್ಲಿ. ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್ ಥರದ ಡಿಜಿಟಲ್ ಕಾಯಿನ್ನುಗಳ, ಕಂಪನಿಗಳಿಗೆ ಬ್ಯಾಂಕುಗಳು ಸೇವೆ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಸುತ್ತೋಲೆ ಹೊರಡಿಸಿತ್ತಲ್ಲ, ಅದನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. ಆಮೇಲೆ ಆ ವರ್ಷ ಸಂಬಳದಲ್ಲಿ ಉಳಿದದ್ದನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದೆ. ಒಟ್ಟು ಹಾಕಿದ್ದು ಸುಮಾರು 4 ಲಕ್ಷ. 2025ರ ನವೆಂಬರಿನಲ್ಲಿ ಮಾರುವಾಗ ಸಿಕ್ಕಿದ್ದು ಸುಮಾರು 36 ಲಕ್ಷ.

ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? 25 ಬೇಕಿತ್ತು, 36 ಬಂತು, ಉಳಿದ 11 ಲಕ್ಷದಲ್ಲಿ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಎಲ್ಲ ಆಗುತ್ತದೆ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಲೆಕ್ಕ ಹಾಕಿದ್ದರು. ನಮ್ಮತ್ತೆ ಗ್ರಾನೈಟ್ ಬಣ್ಣ ಕೂಡ ಆರಿಸಿ ಇಟ್ಟಿದ್ದರು.

ಈಗ ತೆರಿಗೆ ನೋಡಿ. 2022ರ ಬಜೆಟ್ಟಿನಲ್ಲಿ ಆದಾಯ ತೆರಿಗೆ ಕಾಯ್ದೆಗೆ 115ಬಿಬಿಎಚ್ ಅನ್ನುವ ಸೆಕ್ಷನ್ ಸೇರಿಸಿದರು. ಕ್ರಿಪ್ಟೊ ಲಾಭಕ್ಕೆ ನೇರವಾಗಿ 30 ಪರ್ಸೆಂಟ್. ಒಂದು ದಿನ ಇಟ್ಟುಕೊಂಡಿರಿ, ಹತ್ತು ವರ್ಷ ಇಟ್ಟುಕೊಂಡಿರಿ, ವ್ಯತ್ಯಾಸ ಇಲ್ಲ. ಲಾಭದಲ್ಲಿ ಕಳೆಯಬಹುದಾದದ್ದು ಕೊಂಡ ಬೆಲೆ ಒಂದನ್ನೇ. ಎಕ್ಸ್‌ಚೇಂಜ್ ಫೀಸು, ಅದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ, ಕಾಯಿನ್ ಇಟ್ಟುಕೊಳ್ಳುವ ವ್ಯಾಲೆಟ್ ಕೊಂಡ ಖರ್ಚು, ಯಾವುದನ್ನೂ ಕಳೆಯುವ ಹಾಗಿಲ್ಲ. ನನ್ನ ಲಾಭ 32 ಲಕ್ಷ. ಅದಕ್ಕೆ 30 ಪರ್ಸೆಂಟ್ ಅಂದರೆ 9 ಲಕ್ಷ 60 ಸಾವಿರ. ಮೇಲೆ 4 ಪರ್ಸೆಂಟ್ ಸೆಸ್ಸು, 38,400. ಒಟ್ಟು 9,98,400. ಹತ್ತು ಲಕ್ಷ ಅನ್ನಿ.

36ರಲ್ಲಿ ಹತ್ತು ಹೋದರೆ 26. ಕಿಚನ್ನು ಅಲ್ಲಿಗೇ ನಿಂತಿತು.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಈ 30 ಪರ್ಸೆಂಟಿಗೆ ಅಲ್ಲ. ಇದೇ 32 ಲಕ್ಷ ಲಾಭ ಷೇರಿನಲ್ಲೋ ಚಿನ್ನದಲ್ಲೋ ಆಗಿದ್ದು, ಅದನ್ನು ಸಾಕಷ್ಟು ಕಾಲ ಇಟ್ಟುಕೊಂಡು ಮಾರಿದ್ದರೆ ತೆರಿಗೆ 12.5 ಪರ್ಸೆಂಟ್. ಅದೂ ಬೇಡ, ಮಾರಿ ಬಂದ ದುಡ್ಡನ್ನೆಲ್ಲ ಮನೆಗೇ ಹಾಕಿದ್ದರೆ 54ಎಫ್ ಸೆಕ್ಷನ್ನಿನಲ್ಲಿ ಪೂರ್ತಿ ವಿನಾಯಿತಿ. ಷೇರು ಮಾರಿ ಮನೆ ಕೊಂಡವನಿಗೆ ಸೊನ್ನೆ ತೆರಿಗೆ, ಬಿಟ್‌ಕಾಯಿನ್ ಮಾರಿ ಅದೇ ಮನೆ ಕೊಂಡವನಿಗೆ ಹತ್ತು ಲಕ್ಷ. 54ಎಫ್ ಕ್ರಿಪ್ಟೊಗೂ ಸಿಗುತ್ತದೆ ಅಂತ ಯೂಟ್ಯೂಬಿನಲ್ಲಿ ಕೆಲವರು ಇನ್ನೂ ಹೇಳುತ್ತಾ ಇರುತ್ತಾರೆ, ಆಡಿಟರ್ ಹತ್ತಿರ ಅದನ್ನೇ ಕೇಳಿದೆ. 2022ರ ಏಪ್ರಿಲ್‌ಗೆ ಮುಂಚೆ ಮಾರಿದ್ದರೆ ಮಾತಾಡುವುದಕ್ಕೆ ಜಾಗ ಇತ್ತು ಅಂದರು. 2020-21ರ ಒಂದು ಮಾರಾಟದ ಕೇಸಿನಲ್ಲಿ ಜೋಧಪುರದ ತೆರಿಗೆ ನ್ಯಾಯಮಂಡಳಿ ಕ್ರಿಪ್ಟೊ ಲಾಭವನ್ನು ಕ್ಯಾಪಿಟಲ್ ಗೇನ್ ಅಂತಲೇ ಒಪ್ಪಿಕೊಂಡಿದೆ, 54ಎಫ್ ಅನ್ವಯಿಸುವುದು ಅಂಥ ಲಾಭಕ್ಕೇ. ಆದರೆ ಅದಾದ ಮೇಲಿನ ಮಾರಾಟಕ್ಕೆ 115ಬಿಬಿಎಚ್ ಎಲ್ಲ ಬಾಗಿಲನ್ನೂ ಮುಚ್ಚಿದೆ. ಬೇರೆ ಕಾಯಿನ್ನಿನಲ್ಲಿ ಆದ ನಷ್ಟವನ್ನೂ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವ ಹಾಗಿಲ್ಲ. ಹೋಮ್ ಲೋನ್ ಬಡ್ಡಿಯಿಂದ ಬರುವ ಮನೆ ಬಾಬ್ತಿನ ನಷ್ಟವೂ ಇದಕ್ಕೆ ತಾಗುವುದಿಲ್ಲ.

ಇನ್ನು ಬ್ರೋಕರ್ ಕಥೆ. ನಮ್ಮ ಬ್ರೋಕರ್‌ಗೆ ನನ್ನ ಹತ್ತಿರ ಬಿಟ್‌ಕಾಯಿನ್ ಇದೆ ಅಂತ ಹೇಗೋ ಗೊತ್ತಾಯಿತು. 'ಸಾರ್, ಇನ್ನೊಂದು ಫ್ಲಾಟಿದೆ, ಓನರ್ ಯುಎಸ್‌ಡಿಟಿ ತಗೋತಾರೆ, ಹಾಗೇ ಟ್ರಾನ್ಸ್‌ಫರ್ ಮಾಡಿಬಿಡಿ, ಟ್ಯಾಕ್ಸೇ ಇಲ್ಲ' ಅಂದರು. ಯುಎಸ್‌ಡಿಟಿ ಅಂದರೆ ಡಾಲರ್ ಬೆಲೆಗೇ ಅಂಟಿಕೊಂಡಿರುವ ಒಂದು ಕ್ರಿಪ್ಟೊ. ಎಷ್ಟು ಆರಾಮಾಗಿ ಹೇಳಿದರು ಅಂದರೆ ಯಾರಾದರೂ ನಂಬಿಬಿಡಬೇಕು.

ಟ್ಯಾಕ್ಸ್ ಇಲ್ಲ ಅನ್ನುವುದು ಶುದ್ಧ ಸುಳ್ಳು. ಕಾಯಿನ್ ಕೊಟ್ಟು ಮನೆ ತಗೊಂಡರೂ ಕಾಯಿನ್ ಮಾರಿದ ಹಾಗೇ ಲೆಕ್ಕ. ಆ ದಿನ ಕಾಯಿನ್ ಬೆಲೆ ಎಷ್ಟಿತ್ತೋ ಅಷ್ಟಕ್ಕೆ ಮಾರಿದಿರಿ, ಲಾಭದ ಮೇಲೆ 30 ಪರ್ಸೆಂಟ್ ಕಟ್ಟಬೇಕು. ಅದರ ಜೊತೆ 194ಎಸ್ ಸೆಕ್ಷನ್ ಪ್ರಕಾರ 1 ಪರ್ಸೆಂಟ್ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕೂಡ ಕಟ್ಟಿದೆ ಅಂತ ಖಾತ್ರಿ ಮಾಡಿಕೊಂಡೇ ವಸ್ತು ಕೈ ಬದಲಾಗಬೇಕು. ಎಕ್ಸ್‌ಚೇಂಜಿನಲ್ಲಾದರೆ ಈ ಟಿಡಿಎಸ್ ತಾನಾಗೇ ಕಟ್ ಆಗುತ್ತದೆ, ಇಲ್ಲಿ ನೀವೇ ಓಡಾಡಬೇಕು. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಕ್ರಯ ಅಂದರೆ ಬೆಲೆಗೆ, ಅಂದರೆ ಹಣಕ್ಕೆ, ಆಸ್ತಿ ಕೊಡುವುದು. ಹಣದ ಬದಲು ಇನ್ನೊಂದು ವಸ್ತು ಕೊಟ್ಟರೆ ಅದು ಅದಲುಬದಲು, ಅದಕ್ಕೆ ಬೇರೆ ಥರದ ಪತ್ರ. ಕ್ರಿಪ್ಟೊ ನಮ್ಮಲ್ಲಿ ಹಣ ಅಲ್ಲ, ತೆರಿಗೆ ಹಾಕುವುದಕ್ಕೆ ಅದೊಂದು ಡಿಜಿಟಲ್ ಆಸ್ತಿ, ಅಷ್ಟೇ. ಹಾಗಾಗಿ ಕ್ರಯಪತ್ರದಲ್ಲಿ ಏನು ಬರೆಸುತ್ತೀರಿ? ಚೆಕ್ ನಂಬರ್ ಬರೆಸುವ ಜಾಗದಲ್ಲಿ ವ್ಯಾಲೆಟ್ ಅಡ್ರೆಸ್ ಬರೆಸುತ್ತೀರಾ? ಬ್ರೋಕರ್ ಮನಸ್ಸಿನಲ್ಲಿ ಇದ್ದದ್ದು ಬೇರೆ ಬಿಡಿ. ಪತ್ರದಲ್ಲಿ ಕಮ್ಮಿ ಬೆಲೆ ತೋರಿಸುವುದು, ಉಳಿದದ್ದು ಯುಎಸ್‌ಡಿಟಿ. ಹಳೇ ಬ್ಲ್ಯಾಕ್ ದುಡ್ಡಿನ ಆಟಕ್ಕೆ ಹೊಸ ನೋಟು, ಅಷ್ಟೇ. ನಮ್ಮ ಹೆಂಡತಿ ಆ ಫ್ಲಾಟ್ ನೋಡುವುದಕ್ಕೂ ಬರಲ್ಲ ಅಂದಳು. ಒಳ್ಳೆಯದೇ ಆಯಿತು.

ಈಗ ಎಕ್ಸ್‌ಚೇಂಜಿನ ವಿಷಯಕ್ಕೆ ಬರೋಣ, ಮೂರು ಮಾರ್ಕ್ಸ್ ಯಾಕೆ ಅಂತ.

ನಾನು ಕಾಯಿನ್ನುಗಳನ್ನು ಆ್ಯಪ್‌ನಲ್ಲಿ ಇಟ್ಟಿರಲಿಲ್ಲ, ನನ್ನದೇ ಹಾರ್ಡ್‌ವೇರ್ ವ್ಯಾಲೆಟ್ಟಿನಲ್ಲಿ, ಅಂದರೆ ಮನೆಯಲ್ಲೇ ಇಟ್ಟುಕೊಳ್ಳುವ ಒಂದು ಸಣ್ಣ ಸಾಧನದಲ್ಲಿ, ಇದ್ದವು. ಯಾಕೆ ಅಂತ ಕೇಳುವವರು 2024ರ ಜುಲೈ 18 ನೆನಪು ಮಾಡಿಕೊಳ್ಳಿ. ಅವತ್ತು ವಜೀರ್‌ಎಕ್ಸ್ ಅನ್ನುವ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಕಳುವಾಯಿತು, ಗ್ರಾಹಕರ ಕಾಯಿನ್ನು ವರ್ಷಕ್ಕೂ ಮೇಲೆ ಸಿಕ್ಕಿಹಾಕಿಕೊಂಡಿತ್ತು. ಆ ಸಮಯದಲ್ಲಿ ಯಾರಾದರೂ ಫ್ಲಾಟಿಗೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡು ಕೂತಿದ್ದರೆ ಏನು ಗತಿ?

ಸರಿ, ಮಾರಬೇಕು ಅಂದಾಗ ವ್ಯಾಲೆಟ್ಟಿನಿಂದ ಎಕ್ಸ್‌ಚೇಂಜಿಗೆ ಕಳಿಸಬೇಕು. ನಮ್ಮದೇ ವ್ಯಾಲೆಟ್ಟಿನಿಂದ ನಮ್ಮದೇ ಖಾತೆಗೆ ಕಳಿಸುವುದಕ್ಕೆ ತೆರಿಗೆ ಇಲ್ಲ, ಅದು ಮಾರಾಟ ಅಲ್ಲ. ಆದರೆ ಕಳಿಸಿದ ಕೂಡಲೇ ಅವರು 'ಪರಿಶೀಲನೆಯಲ್ಲಿದೆ' ಅಂತ ತಡೆಹಿಡಿದರು. ವ್ಯಾಲೆಟ್ ನನ್ನದೇ ಅಂತ ತೋರಿಸಬೇಕು, ಕಾಯಿನ್ನು ಮೊದಲು ಎಲ್ಲಿ ಕೊಂಡದ್ದು ಅಂತ ಹೇಳಬೇಕು, 2020ರ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಬೇಕು. ಕೇಳಿದ್ದು ತಪ್ಪಲ್ಲ. 2023ರ ಮಾರ್ಚಿನಿಂದ ಈ ಎಕ್ಸ್‌ಚೇಂಜುಗಳೆಲ್ಲ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದಿವೆ, ಎಫ್‌ಐಯು ಅನ್ನುವ ಕೇಂದ್ರ ಸರ್ಕಾರದ ಘಟಕದಲ್ಲಿ ನೋಂದಣಿ ಮಾಡಿಸಬೇಕು, ಗ್ರಾಹಕರನ್ನು ಹೀಗೆ ವಿಚಾರಿಸಲೇಬೇಕು. ನನ್ನ ತಕರಾರು ಏನೆಂದರೆ, ಇದನ್ನೆಲ್ಲ ಮೊದಲೇ ಹೇಳಬಹುದಿತ್ತು. ಡಿಪಾಸಿಟ್ ಪೇಜಿನಲ್ಲಿ ಒಂದು ಸಾಲು ಹಾಕಿದ್ದರೂ ಸಾಕಿತ್ತು. ಸಪೋರ್ಟ್ ಚಾಟಿನಲ್ಲಿ ಮೊದಲು ಬಾಟು, ಆಮೇಲೆ ಮನುಷ್ಯ ಇರಬಹುದೇನೋ ಅನ್ನಿಸುವ ಬಾಟು, ಆಮೇಲೆ ಮನುಷ್ಯ. ಕೊನೆಗೆ ಸಿಕ್ಕ ಹುಡುಗಿ ಮಾತ್ರ ತುಂಬ ಚೆನ್ನಾಗಿ ಮಾತಾಡಿದಳು, ಏನು ಬೇಕು ಅಂತ ಒಂದೇ ಮೇಲ್‌ನಲ್ಲಿ ಸ್ಪಷ್ಟವಾಗಿ ಬರೆದಳು, ಆಮೇಲೆ ಕೆಲಸ ಬೇಗ ಆಯಿತು. ಅಷ್ಟರಲ್ಲಿ ಬೆಲೆ ಒಂದಿಷ್ಟು ಇಳಿದಿತ್ತು. ಅದಕ್ಕೆ ಅವರು ಏನು ಮಾಡುತ್ತಾರೆ ಬಿಡಿ, ಅಕ್ಟೋಬರಿನಲ್ಲಿ ಏರಿದ್ದು ನವೆಂಬರಿನಲ್ಲಿ ಜಾರುತ್ತಲೇ ಇತ್ತು.

ಮಾರುವ ವಿಷಯದಲ್ಲಿ ಒಂದು ಮಾತು ನೆನಪಿಡಿ. ಬಿಟ್‌ಕಾಯಿನ್ ಇದ್ದರೆ ಸೀದಾ ರೂಪಾಯಿಗೇ ಮಾರಿ. ಅಲ್ಲಿ ರೇಟು ಎರಡು ಪೈಸೆ ಜಾಸ್ತಿ ಸಿಗುತ್ತದೆ ಅಂತ ಮೊದಲು ಯುಎಸ್‌ಡಿಟಿಗೆ ಬದಲಾಯಿಸಿ ಆಮೇಲೆ ರೂಪಾಯಿ ಮಾಡಿಕೊಳ್ಳುವವರು ತುಂಬ ಜನ ಇದ್ದಾರೆ. ಹಾಗೆ ಮಾಡಿದರೆ ಕಾನೂನಿನ ಲೆಕ್ಕದಲ್ಲಿ ಎರಡು ಮಾರಾಟ, ಎರಡು ಸಲ 1 ಪರ್ಸೆಂಟ್ ಟಿಡಿಎಸ್. ರಿಟರ್ನ್ಸ್‌ನಲ್ಲಿ ತುಂಬಬೇಕಾದ ಸಾಲುಗಳೂ ಎರಡರಷ್ಟು. ಟಿಡಿಎಸ್ ಎಲ್ಲೂ ಹೋಗುವುದಿಲ್ಲ, ಆಮೇಲೆ ತೆರಿಗೆಯಲ್ಲಿ ವಜಾ ಆಗುತ್ತದೆ. ಆದರೆ ಮನೆಗೆ ದುಡ್ಡು ಬೇಕಾದ ವಾರದಲ್ಲೇ ಅದು ಕೈಯಲ್ಲಿ ಇರುವುದಿಲ್ಲ. ನನಗೆ 36 ಲಕ್ಷಕ್ಕೆ 36 ಸಾವಿರ ಕಟ್ ಆಯಿತು, ಫೀಸು ಬೇರೆ.

ರೂಪಾಯಿ ಹೊರಗೆ ತೆಗೆಯುವುದರಲ್ಲಿ ತೊಂದರೆ ಆಗಲಿಲ್ಲ. ದಿನಕ್ಕೆ ಇಷ್ಟು ಅಂತ ಮಿತಿ ಇದೆ, ಹಾಗಾಗಿ ಒಂದೇ ಏಟಿಗೆ ಬರಲಿಲ್ಲ, ಕಂತಿನಲ್ಲಿ ಬಂತು. ಪ್ರತಿ ಕಂತೂ ಹೇಳಿದ ಸಮಯಕ್ಕೆ ಬಂತು. ಇದಕ್ಕೇ ಎರಡು ಮಾರ್ಕ್ಸ್ ಕೊಟ್ಟಿದ್ದೇನೆ. ಸಾಲ ಮಂಜೂರಾಗಿ ರಿಜಿಸ್ಟ್ರೇಷನ್ ಸ್ಲಾಟ್ ಬುಕ್ ಮಾಡಿದ ಮೇಲೆ ಮಾರುವುದಕ್ಕೆ ಕೂರಬೇಡಿ, ಇಷ್ಟೇ ಹೇಳುವುದು.

ಸ್ಟೇಟ್‌ಮೆಂಟ್ ವಿಷಯದಲ್ಲಿ ಅವರು ಪಾಸೂ ಅಲ್ಲ, ಫೇಲೂ ಅಲ್ಲ. ಟ್ಯಾಕ್ಸ್ ರಿಪೋರ್ಟ್ ಅಂತ ಒಂದು ಬಟನ್ ಇದೆ. ಒತ್ತಿದರೆ ಎಕ್ಸೆಲ್ ಬರುತ್ತದೆ. ನೋಡುವುದಕ್ಕೆ ಚೆನ್ನಾಗಿದೆ. ಆದರೆ ಹೊರಗಿನ ವ್ಯಾಲೆಟ್ಟಿನಿಂದ ಬಂದ ಕಾಯಿನ್ನಿನ ಕೊಂಡ ಬೆಲೆಯನ್ನು ಅದು ಸೊನ್ನೆ ಅಂತ ತೋರಿಸುತ್ತದೆ! ಆ ರಿಪೋರ್ಟನ್ನೇ ನಂಬಿ ರಿಟರ್ನ್ಸ್ ತುಂಬಿದರೆ 32 ಲಕ್ಷದ ಬದಲು 36 ಲಕ್ಷಕ್ಕೂ ತೆರಿಗೆ ಕಟ್ಟಬೇಕಾಗುತ್ತದೆ, ಸುಮ್ನೆ ಲಕ್ಷಕ್ಕೂ ಜಾಸ್ತಿ ನಷ್ಟ. 2020ರಲ್ಲಿ ಕೊಂಡಾಗಿನ ಇನ್ವಾಯ್ಸ್‌ಗಳ ಪಿಡಿಎಫ್ ನಾನು ಮೇಲ್‌ನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟಿದ್ದೆ. ಅದೇ ಕೆಲಸಕ್ಕೆ ಬಂತು. ನಿಮ್ಮ ಹತ್ತಿರ ಹಳೇ ಎಕ್ಸ್‌ಚೇಂಜಿನ ಲಾಗಿನ್ ಇದ್ದರೆ ಇವತ್ತೇ ಹೋಗಿ ಎಲ್ಲ ಇಳಿಸಿಕೊಳ್ಳಿ. ಆ ಕಂಪನಿಗಳು ನಾಳೆ ಇರುತ್ತವೆ ಅಂತ ಗ್ಯಾರಂಟಿ ಇಲ್ಲ.

ಬ್ಯಾಂಕಿಗೆ ಎರಡೂವರೆ. ದುಡ್ಡು ಖಾತೆಗೆ ಬರುತ್ತಿದ್ದ ಹಾಗೇ ಬ್ರಾಂಚಿನಿಂದ ಫೋನು. ಹೋಗಿ ಕೂತರೆ ಆ ಅಧಿಕಾರಿ ಮೊದಲು ಕೇಳಿದ್ದೇ 'ಇದು ಬ್ಯಾನ್ ಅಲ್ವಾ?' ಅಂತ. ಅವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ನಮ್ಮ ಊರಿನಲ್ಲೇ, 2018ರ ಅಕ್ಟೋಬರಿನಲ್ಲಿ, ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಇಟ್ಟಿದ್ದ ಬಿಟ್‌ಕಾಯಿನ್ ಎಟಿಎಮ್ಮನ್ನು ಪೊಲೀಸರು ಎತ್ತಿಕೊಂಡು ಹೋಗಿದ್ದರು. ಆಮೇಲೆ ಬಿಟ್‌ಕಾಯಿನ್ ಹಗರಣ ಅಂತ ವಿಧಾನಸೌಧದ ತನಕ ಗಲಾಟೆ. ಕರ್ನಾಟಕದಲ್ಲಿ ಬಿಟ್‌ಕಾಯಿನ್ ಅಂದ ಕೂಡಲೇ ಜನಕ್ಕೆ ಪೊಲೀಸರೇ ನೆನಪಾಗುವುದು. ಆದರೆ ಬ್ಯಾಂಕಿನವರಿಗಾದರೂ ಗೊತ್ತಿರಬೇಕಲ್ಲ? 2018ರ ಸುತ್ತೋಲೆ ಹೆಸರು ಹೇಳಿ ಗ್ರಾಹಕರನ್ನು ಹೆದರಿಸಬೇಡಿ, ಅದು ಈಗ ಊರ್ಜಿತ ಅಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಮೇ 31ರಂದು ಎಲ್ಲ ಬ್ಯಾಂಕುಗಳಿಗೂ ಬರೆದಿದೆ.

ನಾನು ಜಗಳಕ್ಕೆ ಹೋಗಲಿಲ್ಲ. ಮಾರಾಟದ ರಿಪೋರ್ಟು, 2020ರ ಇನ್ವಾಯ್ಸ್, ಆಗ ಅದೇ ಬ್ಯಾಂಕಿನ ಖಾತೆಯಿಂದಲೇ ದುಡ್ಡು ಹೋದ ಸ್ಟೇಟ್‌ಮೆಂಟು, ಟಿಡಿಎಸ್ ಕಾಣುವ ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿ, ತೆರಿಗೆ ಕಟ್ಟಿದ ಚಲನ್ನು, ಎಲ್ಲ ಒಂದು ಫೈಲ್ ಮಾಡಿ ಕೊಟ್ಟೆ. ಚಲನ್ ನೋಡಿದ ಮೇಲೆ ಅವರ ಮುಖವೇ ಬದಲಾಯಿತು. ಅದೇ ಫೈಲಿನ ಇನ್ನೊಂದು ಕಾಪಿ ಲೋನ್ ಸೆಕ್ಷನ್ನಿಗೆ ಹೋಯಿತು, ಮಾರ್ಜಿನ್ ಮನಿ, ಅಂದರೆ ನಮ್ಮ ಕೈಯಿಂದ ಹಾಕುವ ದುಡ್ಡು, ಎಲ್ಲಿಂದ ಬಂತು ಅಂತ ಅವರೂ ಕೇಳಿದ್ದರು. ಅರ್ಧ ಮಾರ್ಕ್ಸ್ ಜಾಸ್ತಿ ಕೊಟ್ಟಿದ್ದು ಖಾತೆಯನ್ನು ಫ್ರೀಜ್ ಮಾಡಲಿಲ್ಲ ಅಂತ.

ಯಾಕೆಂದರೆ ನಮ್ಮ ಆಫೀಸಿನ ಹುಡುಗನಿಗೆ ಅದೇ ಆಯಿತು. ಅವನು ಟಿಡಿಎಸ್ ತಪ್ಪಿಸಬೇಕು ಅಂತ ಪಿ2ಪಿಯಲ್ಲಿ, ಅಂದರೆ ಗುರುತಿಲ್ಲದವರಿಗೆ ನೇರವಾಗಿ, ಯುಎಸ್‌ಡಿಟಿ ಮಾರಿದ. ಮಾರಿದ ದುಡ್ಡು ಬಂತು. ಆಮೇಲೆ ಯಾವುದೋ ರಾಜ್ಯದ ಸೈಬರ್ ಪೊಲೀಸರಿಂದ ಬ್ಯಾಂಕಿಗೆ ನೋಟಿಸು. ಕೊಂಡವನು ಕಳಿಸಿದ್ದು ಯಾರಿಗೋ ಟೋಪಿ ಹಾಕಿದ ದುಡ್ಡು. ಖಾತೆಯ ಮೇಲೆ ಲೀನ್ ಬಿತ್ತು, ಅಂದರೆ ದುಡ್ಡು ತೆಗೆಯದ ಹಾಗೆ ತಡೆ, ಸಂಬಳವೂ ಅದೇ ಖಾತೆಗೆ ಬರುತ್ತಿತ್ತು. ಮನೆ ಕೊಳ್ಳುವ ತಿಂಗಳಲ್ಲಿ ಹೀಗಾದರೆ ಅಗ್ರಿಮೆಂಟ್ ಅಡ್ವಾನ್ಸು ಹೋದ ಹಾಗೇ. ಕೈಗೆ ಬಂದ ತುತ್ತು ಬಾಯಿಗೆ ಬರದ ಕಥೆ. ಕ್ಯಾಶ್ ತಗೊಂಡು ಕಾಯಿನ್ ಕೊಡುವವರೂ ಇದ್ದಾರೆ, ಅದರ ಬಗ್ಗೆ ಯೋಚನೆಯನ್ನೂ ಮಾಡಬೇಡಿ. ಆ ಕ್ಯಾಶನ್ನು ಮನೆಗೆ ಕೊಡುವುದೂ ಕಷ್ಟ, ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಇದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅದೂ ಬೆಂಗಳೂರಿನದೇ ಒಂದು ಆಸ್ತಿಯ ಕೇಸಿನಲ್ಲಿ, 2 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ನಗದು ಕೊಟ್ಟಿದ್ದೇವೆ ಅಂತ ಪತ್ರದಲ್ಲಿ ಕಂಡರೆ ಸಬ್ ರಿಜಿಸ್ಟ್ರಾರ್ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಅಂದಿದೆ.

ಆಡಿಟರ್ ಬಗ್ಗೆ ಹೇಳದೆ ಇದ್ದರೆ ಈ ರಿವ್ಯೂ ಬರೆದು ಪ್ರಯೋಜನ ಇಲ್ಲ. ಬಸವನಗುಡಿಯಲ್ಲಿ ಒಂದು ಹಳೇ ಮನೆಯ ಮಹಡಿ ಮೇಲೆ ಆಫೀಸು. ವಯಸ್ಸು ಅರವತ್ತರ ಮೇಲೆ. ಕ್ರಿಪ್ಟೊ ಅಂದರೆ ಇವರಿಗೆ ಏನು ಗೊತ್ತಿರುತ್ತದೆ ಅಂತ ನಮ್ಮ ಭಾವ ನಕ್ಕಿದ್ದರು. ನಾನು ಮಾರುವುದಕ್ಕೆ ಮುಂಚೆಯೇ ಹೋಗಿದ್ದೆ. ಅವರು ಮೊದಲು ಕೇಳಿದ್ದು ಬಿಟ್‌ಕಾಯಿನ್ ಬಗ್ಗೆ ಅಲ್ಲ, 'ನಿಮ್ಮ ಸಂಬಳದ ಆದಾಯ ಎಷ್ಟು?' ಅಂತ. ಯಾಕೆ ಸಾರ್ ಅಂದರೆ, ಒಟ್ಟು ಆದಾಯ 50 ಲಕ್ಷ ದಾಟಿತೋ, ತೆರಿಗೆಯ ಮೇಲೆ 10 ಪರ್ಸೆಂಟ್ ಸರ್‌ಚಾರ್ಜ್ ಬೀಳುತ್ತದೆ, ಕೋಟಿ ದಾಟಿದರೆ 15, ಎರಡು ಕೋಟಿ ದಾಟಿದರೆ 25. ಸಂಬಳದ 15 ಲಕ್ಷ, ಇದರ 32 ಲಕ್ಷ, ಒಟ್ಟು 47. 'ಈ ವರ್ಷ ಇಷ್ಟಕ್ಕೇ ನಿಲ್ಲಿಸಿ, ಇನ್ನೂ ಇದ್ದರೆ ಏಪ್ರಿಲ್ ಆದ ಮೇಲೆ ಮಾರಿ' ಅಂದರು. ದೊಡ್ಡ ಮೊತ್ತ ಇರುವವರಿಗೆ ಈ ಒಂದು ಮಾತೇ ಅವರ ಫೀಸಿನ ಎಷ್ಟೋ ಪಟ್ಟು ಉಳಿಸಿಕೊಡುತ್ತದೆ. ಮಾರ್ಚಿನಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಅರ್ಧ ಮಾರಿದರೆ ಎರಡು ಬೇರೆ ಬೇರೆ ವರ್ಷದ ಲೆಕ್ಕ.

ಹೆಂಡತಿಗೆ ಕಾಯಿನ್ ಗಿಫ್ಟ್ ಕೊಟ್ಟು ಅವಳ ಹೆಸರಲ್ಲಿ ಮಾರಿದರೆ ಅಂತ ಕೇಳಿದೆ. ನಕ್ಕರು. ಗಂಡ ಹೆಂಡತಿ ನಡುವಿನ ಗಿಫ್ಟಿಗೆ ತೆರಿಗೆ ಇಲ್ಲ ಸರಿ, ಆದರೆ ಅದರಿಂದ ಬರುವ ಲಾಭ ವಾಪಸ್ ನಿಮ್ಮ ಲೆಕ್ಕಕ್ಕೇ ಬರುತ್ತದೆ ಅಂದರು. ಅಲ್ಲದೆ ಈ 30 ಪರ್ಸೆಂಟಿಗೆ ಸ್ಲ್ಯಾಬೂ ಇಲ್ಲ, ಬೇರೆ ಆದಾಯವೇ ಇಲ್ಲದವರೂ ಮೊದಲ ರೂಪಾಯಿ ಲಾಭದಿಂದಲೇ ಕಟ್ಟಬೇಕು.

ಆಮೇಲೆ ಅಡ್ವಾನ್ಸ್ ಟ್ಯಾಕ್ಸ್. ಮನೆ ಕೊಳ್ಳುವ ಕ್ರಿಪ್ಟೊದವರೆಲ್ಲ ಬೀಳುವ ಗುಂಡಿ ಇದೇ ಅಂತ ಅವರು ಹೇಳಿದರು. ಆ್ಯಪಿನಿಂದ 35 ಲಕ್ಷ ಬ್ಯಾಂಕಿಗೆ ಬಂತು, ಟಿಡಿಎಸ್ಸೂ ಕಟ್ ಆಯಿತು, ತೆರಿಗೆ ಮುಗಿಯಿತು ಅಂದುಕೊಂಡು ಪೂರ್ತಿ ದುಡ್ಡು ಮನೆಗೆ ಸುರಿಯುತ್ತಾರೆ. ಮುಂದಿನ ಜುಲೈನಲ್ಲಿ ರಿಟರ್ನ್ಸ್ ಹಾಕುವಾಗ ಒಂಬತ್ತು ಹತ್ತು ಲಕ್ಷ ಕಟ್ಟಿ ಅಂತ ಬರುತ್ತದೆ, ಮೇಲೆ ತಿಂಗಳಿಗೆ ಒಂದು ಪರ್ಸೆಂಟ್ ಬಡ್ಡಿ. ಆಗ ಎಲ್ಲಿಂದ ತರುತ್ತಾರೆ? ಪರ್ಸನಲ್ ಲೋನ್. ಡಿಸೆಂಬರ್ 15ರ ಹೊತ್ತಿಗೆ ವರ್ಷದ ತೆರಿಗೆಯ 75 ಪರ್ಸೆಂಟ್, ಮಾರ್ಚ್ 15ರ ಹೊತ್ತಿಗೆ ಪೂರ್ತಿ ಕಟ್ಟಿರಬೇಕು ಅನ್ನುವುದು ನಿಯಮ. ನನ್ನ ಕೈಯಲ್ಲಿ ಅವರು ಉಳಿದ 9 ಲಕ್ಷ 62 ಸಾವಿರವನ್ನೂ ಡಿಸೆಂಬರಿಗೆ ಮುಂಚೆ ಒಂದೇ ಸಲ ಕಟ್ಟಿಸಿದರು. ಕಟ್ಟುವಾಗ ಸಂಕಟ ಆಯಿತು, ಸುಳ್ಳು ಹೇಳಲ್ಲ. ಆದರೆ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದು ಆ ಚಲನ್ನೇ ಅಂತ ಆಗಲೇ ಹೇಳಿದೆನಲ್ಲ.

ತೋರಿಸದೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಅನ್ನುವವರಿಗೆ ಅವರು ಕಂಪ್ಯೂಟರ್ ತಿರುಗಿಸಿ ಎಐಎಸ್, ಅಂದರೆ ನಮ್ಮ ವ್ಯವಹಾರಗಳ ಬಗ್ಗೆ ತೆರಿಗೆ ಇಲಾಖೆ ಇಟ್ಟಿರುವ ಪಟ್ಟಿ, ತೋರಿಸುತ್ತಾರಂತೆ. ಪ್ರತಿ ಮಾರಾಟದ ಟಿಡಿಎಸ್ಸೂ ಅಲ್ಲಿ ಪ್ಯಾನ್ ಜೊತೆ ಕೂತಿರುತ್ತದೆ. 2025ರಲ್ಲಿ ಇಲಾಖೆಯವರು ಕ್ರಿಪ್ಟೊ ಆದಾಯ ತೋರಿಸದವರಿಗೆ ರಿಟರ್ನ್ಸ್ ಸರಿಮಾಡಿ ಅಂತ ಸಾವಿರಗಟ್ಟಲೆ ಮೇಲ್ ಕಳಿಸಿದ್ದರು. ದೊಡ್ಡ ಆಸ್ತಿ ನೋಂದಣಿಯಾದರೆ ಆ ಮಾಹಿತಿಯೂ ಅಲ್ಲಿಗೇ ಹೋಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಎಷ್ಟು ಹೊತ್ತು ಬೇಕು?

ಕೊನೆಗೆ ರಿಜಿಸ್ಟ್ರೇಷನ್. ಇಲ್ಲಿ ಕ್ರಿಪ್ಟೊ ಮಾತೇ ಬರಲಿಲ್ಲ, ಎಲ್ಲ ಬ್ಯಾಂಕ್ ದುಡ್ಡು, ಡಿಡಿ ಮತ್ತು ಆರ್‌ಟಿಜಿಎಸ್. ಇ-ಖಾತಾ ಇತ್ತು, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಸ್ಲಾಟ್ ಸಿಕ್ಕಿತು, ಕೆಲಸ ಮುಗಿಯಿತು. ಒಂದು ವಿಷಯ ಮಾತ್ರ. ಆಸ್ತಿ 50 ಲಕ್ಷ ಅಥವಾ ಅದಕ್ಕೆ ಮೇಲಿದ್ದರೆ ಕೊಳ್ಳುವವರೇ ಮಾರುವವರಿಗೆ ಕೊಡುವ ದುಡ್ಡಿನಲ್ಲಿ 1 ಪರ್ಸೆಂಟ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಮಗೆ 90 ಸಾವಿರ. ಕ್ರಿಪ್ಟೊ ಮಾರಿದಾಗ ಕಟ್ ಆದ 1 ಪರ್ಸೆಂಟೇ ಬೇರೆ, ಇದೇ ಬೇರೆ. ಅದು ನನ್ನ ತೆರಿಗೆ, ಇದು ಮನೆ ಮಾರಿದವರ ತೆರಿಗೆ. ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರು ಎರಡೂ ಒಂದೇ ಅಂದುಕೊಂಡು ಇದನ್ನು ಕಟ್ಟದೆ ಬಿಟ್ಟಿದ್ದರು, ನೋಟಿಸ್ ಬಂತು.

ಹೊರದೇಶದಲ್ಲಿ ಸುಲಭ ಅಂತೆ ಅನ್ನುವವರಿಗೂ ಒಂದೆರಡು ಮಾತು. ನನ್ನ ಹೆಂಡತಿಯ ತಮ್ಮ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲೂ 2014ರಿಂದಲೇ ಕ್ರಿಪ್ಟೊವನ್ನು ಆಸ್ತಿ ಅಂತ ಪರಿಗಣಿಸುತ್ತಾರೆ, ಮನೆಗೆ ನೇರವಾಗಿ ಬಿಟ್‌ಕಾಯಿನ್ ಕೊಟ್ಟರೂ ಮಾರಿದ ಹಾಗೇ ಲೆಕ್ಕ. ಆದರೆ ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದರೆ ಕೇಂದ್ರದ ತೆರಿಗೆ ಆದಾಯ ನೋಡಿಕೊಂಡು 0, 15 ಅಥವಾ 20 ಪರ್ಸೆಂಟ್, ನಷ್ಟವನ್ನು ಲಾಭದಲ್ಲಿ ಕಳೆಯುವುದಕ್ಕೂ ಬಿಡುತ್ತಾರೆ. 2025ರ ಜೂನಿನಲ್ಲಿ ಅಲ್ಲಿನ ಗೃಹಸಾಲ ನಿಯಂತ್ರಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕ್ರಿಪ್ಟೊವನ್ನು ಡಾಲರ್ ಮಾಡಿಕೊಳ್ಳದೆಯೇ ಸಾಲಗಾರನ ಆಸ್ತಿ ಅಂತ ಲೆಕ್ಕಕ್ಕೆ ಹಿಡಿಯುವುದಕ್ಕೆ ಯೋಜನೆ ತಯಾರಿಸಿ ಅಂತ ಬ್ಯಾಂಕುಗಳ ಗೃಹಸಾಲಗಳನ್ನು ಕೊಳ್ಳುವ ಅಲ್ಲಿನ ಎರಡು ದೊಡ್ಡ ಸಂಸ್ಥೆಗಳಾದ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್‌ಗೆ ಹೇಳಿದರು. ದುಬೈನಲ್ಲಿ ಡಮಾಕ್‌ನಂಥ ಬಿಲ್ಡರ್‌ಗಳು 2022ರಲ್ಲೇ ಬಿಟ್‌ಕಾಯಿನ್ ತಗೋತೀವಿ ಅಂದರು, ಅಲ್ಲಿ ವ್ಯಕ್ತಿಗಳಿಗೆ ಆದಾಯ ತೆರಿಗೆಯೇ ಇಲ್ಲ. ಅಲ್ಲೇ ಇರುವ ಮಂಗಳೂರು ಕಡೆಯವರಿಗೆ ಅದು ಸರಿ. ಬೆಂಗಳೂರಲ್ಲಿ ಕೂತು ದುಬೈ ಫ್ಲಾಟಿಗೆ ಕಾಯಿನ್ ಕಳಿಸಿದರೆ ಇಲ್ಲಿನ ನಿವಾಸಿಯಾಗಿ 30 ಪರ್ಸೆಂಟ್ ತಪ್ಪುವುದಿಲ್ಲ, ಮೇಲೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ತಲೆನೋವು ಬೇರೆ.

ಇನ್ನೊಂದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅದರಲ್ಲಿ ನಾನು ಬರೆದಿರುವ ಸೆಕ್ಷನ್‌ಗಳ ನಂಬರುಗಳು ಬೇರೆ. ನಾನು ಮಾರಿದ ವರ್ಷಕ್ಕೆ ಹಳೇ ನಂಬರುಗಳೇ, ಅದಕ್ಕೆ ಅವನ್ನೇ ಬರೆದಿದ್ದೇನೆ.

ಎಕ್ಸ್‌ಚೇಂಜಿನವರಿಗೆ ಕೊಂಡ ಬೆಲೆ ಸೊನ್ನೆ ತೋರಿಸುವುದನ್ನು ಸರಿಮಾಡಿ, ಹೊರಗಿನಿಂದ ಬಂದ ಕಾಯಿನ್ನಿಗೆ ಬೆಲೆ ನಾವೇ ತುಂಬುವ ಜಾಗ ಕೊಡಿ ಅಂತ ಬರೆದಿದ್ದೆ. 'ನಿಮ್ಮ ಸಲಹೆಯನ್ನು ಸಂಬಂಧಪಟ್ಟ ತಂಡಕ್ಕೆ ಕಳಿಸಿದ್ದೇವೆ' ಅಂತ ಉತ್ತರ ಬಂತು. ಮಾಡಿದರೆ ಮೂರನ್ನು ನಾಲ್ಕು ಮಾಡುತ್ತೇನೆ. ಆಡಿಟರ್ ಹೆಸರು ಬೇಕಾದವರು ಬಸವನಗುಡಿಯಲ್ಲಿ ಯಾರನ್ನಾದರೂ ಕೇಳಿ, ಆದರೆ ಜುಲೈ ಕೊನೆಯ ವಾರ ಹೋಗಬೇಡಿ, ಮಹಡಿ ಮೆಟ್ಟಿಲ ತನಕ ಜನ ನಿಂತಿರುತ್ತಾರೆ.